ನಿಮಗಿದು ಗೊತ್ತೇ? ಜೊತೆಗಾರರಿದ್ದರೆ ಬೆಟ್ಟವೂ ತಗ್ಗುತ್ತದೆ

ಗೆಳೆಯರು ಪಕ್ಕದಲ್ಲಿದ್ದರೆ ಏರು ಅಷ್ಟೊಂದು ಕಡಿದಾಗಿ ಕಾಣುವುದಿಲ್ಲ! ಮಾತಿಗೆ ಹೇಳಿದ್ದಲ್ಲ ಇದು. ಗುಡ್ಡದ ಬುಡದಲ್ಲಿ ಜನರನ್ನು ನಿಲ್ಲಿಸಿ, ಏರು ಎಷ್ಟು ಕಡಿದಾಗಿರಬಹುದು ಎಂದು ಕೇಳಿದ ಪ್ರಯೋಗವೊಂದರ ವರದಿ 2008ರಲ್ಲಿ ಪ್ರಕಟವಾಯಿತು. ಒಬ್ಬರೇ ನಿಂತವರಿಗಿಂತ ಗೆಳೆಯರ ಜೊತೆ ನಿಂತವರ ಅಂದಾಜು ಕಡಿಮೆಯಿತ್ತು. ಗೆಳೆತನ ಹಳೆಯದಾದಷ್ಟೂ ಗುಡ್ಡ ಇನ್ನೂ ತಗ್ಗು!

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿಕೊಂಡೇ ಹತ್ತುತ್ತಾರೆ. ಸೊಂಟ ನೆಟ್ಟಗೆ ಮಾಡಿಕೊಳ್ಳಲು ನಿಂತರೆ, ಮುಖಪರಿಚಯವೂ ಇಲ್ಲದವರು ನೀರಿನ ಬಾಟಲಿ ಚಾಚುತ್ತಾರೆ. ದೊಡ್ಡ ನಂದಿಯ ಹತ್ತಿರ ಬರುವಷ್ಟರಲ್ಲಿ ಊರು, ಮನೆ, ಮಕ್ಕಳ ಓದು ಎಲ್ಲವನ್ನೂ ವಿಚಾರಿಸಿಕೊಂಡಾಗಿರುತ್ತದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಸ್ಪರ್ಧಿಗಳು ವ್ಯಾಯಾಮ ಯಂತ್ರದ ಮೇಲೆ ಒಬ್ಬೊಬ್ಬರೇ ಹುಟ್ಟು ಹಾಕಿದರು, ಆಮೇಲೆ ಎಲ್ಲರೂ ಒಂದೇ ಲಯದಲ್ಲಿ ಹಾಕಿದರು. ಶ್ರಮ ಎರಡು ಸಲವೂ ಒಂದೇ. ಆದರೆ ಜೊತೆಯಾಗಿ ಹಾಕಿದ ಮೇಲೆ ನೋವು ತಾಳುವ ಶಕ್ತಿ ಹೆಚ್ಚಿತ್ತು. ದೇಹದಲ್ಲೇ ಹುಟ್ಟುವ ನೋವುನಿವಾರಕ ಎಂಡಾರ್ಫಿನ್ ಹೆಚ್ಚು ಒಸರುವುದೇ ಕಾರಣ ಎಂದು ವಿಜ್ಞಾನಿಗಳ ಊಹೆ.

2004ರ ಅಕ್ಟೋಬರ್ 2, ಲಂಡನ್ನಿನ ಬುಶಿ ಪಾರ್ಕ್. ಗಾಯವಾಗಿ ಓಡಲಾಗದೆ ಕುಳಿತಿದ್ದ ಪಾಲ್ ಸಿಂಟನ್ ಹ್ಯುಯಿಟ್ ಅವರಿಗೆ ಓಟದ ಗೆಳೆಯರು ಕೈತಪ್ಪಿಹೋಗುವುದು ಬೇಡವಾಗಿತ್ತು. ಅವರನ್ನು ಕಾಣಲೆಂದೇ 5 ಕಿ.ಮೀ. ಓಟವೊಂದನ್ನು ಏರ್ಪಡಿಸಿದರು. ಓಡಿದವರು 13 ಮಂದಿ. ಓಟದ ಬಳಿಕ ಕಾಫಿ, ಹರಟೆ. ಅದೇ ಇಂದಿನ ‘ಪಾರ್ಕ್‌ರನ್’. ಶುಲ್ಕವಿಲ್ಲ, ಬಹುಮಾನವಿಲ್ಲ, 20ಕ್ಕೂ ಹೆಚ್ಚು ದೇಶಗಳಲ್ಲಿ ವಾರವಾರವೂ ನಡೆಯುತ್ತದೆ. ನನಗೆ ತುಂಬ ಹಿಡಿಸಿದ್ದು ಅದರ ಒಂದು ಪದ್ಧತಿ: ಎಲ್ಲರಿಗಿಂತ ಹಿಂದೆ ಬರಲೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಹಾಗಾಗಿ ಎಷ್ಟೇ ನಿಧಾನವಾಗಿ ನಡೆದರೂ ಬಂದವರು ಯಾರೂ ಕೊನೆಯವರಾಗುವುದಿಲ್ಲ. ಹೊಸದಾಗಿ ಬರಲು ಅಳುಕುವವರಿಗೆ ಇದಕ್ಕಿಂತ ಧೈರ್ಯ ಬೇಕೆ?

ನಾರ್ವೆಯ ಚಾರಣಿಗರ ಸಂಘ ಹುಟ್ಟಿದ್ದು 1868ರಲ್ಲಿ. ಅದರ ಎಷ್ಟೋ ಬೆಟ್ಟದ ತಂಗುಮನೆಗಳಲ್ಲಿ ಕಾವಲುಗಾರರೇ ಇಲ್ಲ. ದಿನಸಿ ಕೋಣೆಯಿಂದ ಬೇಕಾದ್ದು ತೆಗೆದುಕೊಂಡು, ಲೆಕ್ಕ ಬರೆದು, ಹಣವನ್ನು ತಾವೇ ಪಾವತಿಸಬೇಕು. ಒಲೆಗೆ ಸೌದೆ ಒಡೆಯುವುದು, ನೀರು ತರುವುದು ಅಲ್ಲಿ ತಂಗಿದವರದೇ ಕೆಲಸ. ಆ ರಾತ್ರಿ ಅಪರಿಚಿತರಾಗಿಯೇ ಉಳಿಯುವುದು ಕಷ್ಟ.

ಜಿಂಬಾಬ್ವೆಯ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರಿಗೆ ಕ್ಲಿನಿಕ್ಕಿನೊಳಗೆ ಜಾಗ ಸಿಗಲಿಲ್ಲ. ಹೊರಗೆ ಬಯಲಲ್ಲೇ ಬೆಂಚು ಹಾಕಿಸಿ, ತರಬೇತಿ ಪಡೆದ 14 ಅಜ್ಜಿಯರನ್ನು ಕೂರಿಸಿದರು. ಮನಸ್ಸು ಕುಗ್ಗಿದವರು ಬಂದು ಅಜ್ಜಿಯ ಪಕ್ಕ ಕೂತು ಹೇಳಿಕೊಳ್ಳುತ್ತಾರೆ. 573 ಮಂದಿಯ ಮೇಲೆ ನಡೆದ ಅಧ್ಯಯನ 2016ರಲ್ಲಿ ಹೊರಬಂತು. ಆರು ತಿಂಗಳ ನಂತರ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಬೆಂಚಿನ ಮೇಲೆ ಕೂತವರಲ್ಲಿ ಖಿನ್ನತೆಯ ಲಕ್ಷಣಗಳು ಬಹಳ ಕಡಿಮೆಯಾಗಿದ್ದವು. ಅರಳಿಕಟ್ಟೆ ಕಂಡ ನಮಗೆ ಇದು ಹೊಸದೆನಿಸದು. ಆ ಕಟ್ಟೆಗಳ ಮೇಲೆ ನಮ್ಮ ಹೆಂಗಸರಿಗೂ ಗಂಡಸರಷ್ಟೇ ಜಾಗ ಸಿಗಬೇಕಿತ್ತು.

ವಾರಕ್ಕೆ 120 ನಿಮಿಷ! ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ 2019ರ ಅಧ್ಯಯನದಲ್ಲಿ, ಹಸಿರಿನ ನಡುವೆ ಅಷ್ಟಾದರೂ ಹೊತ್ತು ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ಬದುಕು ತೃಪ್ತಿ ಕೊಟ್ಟಿದೆ ಎಂದದ್ದು ಹೆಚ್ಚು. ಒಂದೇ ದಿನ ಎರಡು ಗಂಟೆಯಾದರೂ ಸರಿ, ದಿನಕ್ಕಿಷ್ಟು ಎಂದು ಹಂಚಿಕೊಂಡರೂ ಸರಿ.

ಹೊರಗೆ ಹೋಗಲಾಗದವರಿಗೆ ಕಿಟಕಿಯೂ ಆದೀತು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದವರಲ್ಲಿ, ಕಿಟಕಿಯಾಚೆ ಇಟ್ಟಿಗೆ ಗೋಡೆ ಕಂಡವರಿಗಿಂತ ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧವೂ ಅವರಿಗೆ ಕಡಿಮೆ ಸಾಕಾಯಿತು. ಇದು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಮಾಹಿತಿ.

ಗೆಳೆತನಕ್ಕೆ ಎಷ್ಟು ಹೊತ್ತು ಬೇಕು? ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಕೊಟ್ಟರು: ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು. ದಿನಕ್ಕೊಂದು ಗಂಟೆ ಒಟ್ಟಿಗೆ ವಾಕಿಂಗ್ ಹೋಗುವವರಿಗೆ ಎರಡು ತಿಂಗಳೊಳಗೆ ಮೊದಲ ಹಂತ ಮುಗಿಯುತ್ತದೆ. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಪಕ್ಕಪಕ್ಕ ನಡೆಯುವಾಗ ತಾನೇ ಬರುತ್ತದೆ, ಸುಮ್ಮನಿದ್ದರೂ ಮುಜುಗರವಿಲ್ಲ.

ಜೊತೆಗೆ ಯಾರೂ ಇಲ್ಲವೇ? ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಪಕ್ಷಿವೀಕ್ಷಕರು ಸೇರುವ ರೂಢಿ ದಶಕಗಳದ್ದು. ಕುಟ್ರುಹಕ್ಕಿ ಯಾವ ಕೊಂಬೆಯಲ್ಲಿದೆ ಎಂದು ಕಾಣದೆ ನೀವು ತಡಕಾಡುತ್ತಿದ್ದರೆ, ಪಕ್ಕದವರು ತಮ್ಮ ದುರ್ಬೀನನ್ನೇ ಕೈಗಿಟ್ಟು ತೋರಿಸುತ್ತಾರೆ.