ರಣರಂಗದಲ್ಲಿ ಕನ್ನಡಕ

19ನೆಯ ಶತಮಾನದ ಆದಿಯಲ್ಲಿ ಮಸ್ಕೆಟ್ ಬಂದೂಕಿನ ಗುರಿ 100 ಗಜದಾಚೆ ನೆಚ್ಚತಕ್ಕುದಾಗಿರಲಿಲ್ಲ. ಸಾಲಿನಲ್ಲಿ ನಿಂತು ಗುಂಡು ಹಾರಿಸುವ ಸಿಪಾಯಿಯ ಕಣ್ಣು ಮಂದವಾಗಿದ್ದರೂ ನಡೆಯುತ್ತಿತ್ತು. ದಳಪತಿಗೆ ಹಾಗಲ್ಲ. 1806ರಲ್ಲಿ ಆವರ್‌ಸ್ಟೆಟ್‌ನಲ್ಲಿ ಸುಮಾರು ಇಮ್ಮಡಿ ಬಲದ ಪ್ರಷ್ಯನ್ ಸೈನ್ಯವನ್ನು ಸೋಲಿಸಿದ ನೆಪೋಲಿಯನ್ನನ ಮಾರ್ಷಲ್ ದಾವೂ ಸಮೀಪದೃಷ್ಟಿಯವನು; ಕಾಳಗದಲ್ಲಿಯೂ ಕನ್ನಡಕ ಧರಿಸುತ್ತಿದ್ದನು.

ಇಂತಹ ಕಣ್ಣುಗುಡ್ಡೆ ಸಾಮಾನ್ಯವಾಗಿ ತುಸು ಉದ್ದ. ದೂರದ ವಸ್ತುವಿನ ಬಿಂಬ ಅಕ್ಷಿಪಟಕ್ಕಿಂತ ಮುಂದೆಯೇ ಮೂಡುತ್ತದೆ. ನಿಮ್ನ ಮಸೂರವು ಕಿರಣಗಳನ್ನು ಮೊದಲೇ ಕೊಂಚ ಹರಡಿ ಬಿಂಬವನ್ನು ಹಿಂದಕ್ಕೆ ಸರಿಸುತ್ತದೆ. ದೋಷವು 2 ಡಯಾಪ್ಟರ್ ಇದ್ದರೆ ಅರ್ಧ ಮೀಟರಿನಾಚೆ ಎಲ್ಲವೂ ಮಸುಕೆಂದು ನಾವು ಲೆಕ್ಕಹಾಕಬಹುದು.

ಶತಮಾನದ ನಡುವೆ ರೈಫಲ್ ಬಂದು ಗುರಿಯು ನೂರಾರು ಗಜ ದೂರ ಸರಿಯಿತು. ಸಾಮಾನ್ಯ ಸಿಪಾಯಿಯ ದೃಷ್ಟಿಗೂ ಈಗ ಬೆಲೆ ಬಂದಿತು. ಅದನ್ನು ಅಳೆಯಲು 1862ರಲ್ಲಿ ಸ್ನೆಲೆನ್ ರಚಿಸಿದ ಅಕ್ಷರಫಲಕ ಒದಗಿತು. ಆದರೆ ಗಾಜು ಒಡೆದರೆ ರಣರಂಗದಲ್ಲಿ ಅಂಗಡಿಯೆಲ್ಲಿ? 1898ರಲ್ಲಿ ಕ್ಯೂಬಾದ ಯುದ್ಧಕ್ಕೆ ಹೊರಟ ಥಿಯೋಡರ್ ರೂಸ್‌ವೆಲ್ಟ್ ಹಲವು ಜೋಡಿ ಕನ್ನಡಕಗಳನ್ನು ತನ್ನ ಉಡುಪಿನಲ್ಲಿ ಹೊಲಿಸಿಕೊಂಡಿದ್ದನು.