ಹಡಗು ಹತ್ತುವ ಮುನ್ನ ಕೈಚೀಲ ಏಕೆ ತೆರೆಯಬೇಕು?

ಕ್ರೂಸ್ ಹಡಗು ಹತ್ತುವ ದಿನ ಬಂದರಿಗೆ ಬಂದವರ ಸಾಮಾನು ಟರ್ಮಿನಲ್ಲಿನ ಬಾಗಿಲಲ್ಲೇ ಎರಡು ಪಾಲಾಗುತ್ತದೆ. ದೊಡ್ಡ ಸೂಟ್‌ಕೇಸುಗಳನ್ನು ಪೋರ್ಟರುಗಳು ಪಡೆದು, ಕ್ಯಾಬಿನ್ ಸಂಖ್ಯೆಯ ಚೀಟಿ ನೋಡಿ ಬೇರೆ ದಾರಿಯಲ್ಲಿ ಕಳಿಸುತ್ತಾರೆ. ಅವು ತಮ್ಮ ತಪಾಸಣೆ ಮುಗಿಸಿಕೊಂಡು ಸಂಜೆಯ ಹೊತ್ತಿಗೆ ಕ್ಯಾಬಿನ್ನಿನ ಬಾಗಿಲು ಸೇರುತ್ತವೆ. ಪಾಸ್‌ಪೋರ್ಟು, ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ, ದಾರಿಗೆಂದು ಕಟ್ಟಿಕೊಂಡ ಕೋಡುಬಳೆ ಇರುವ ಕೈಚೀಲ ಮಾತ್ರ ನಮ್ಮ ಹೆಗಲಲ್ಲೇ ಉಳಿಯುತ್ತದೆ. ಮುಂಬೈಯ ಬಲ್ಲಾರ್ಡ್ ಪಿಯರ್ ಆಗಲಿ, ಸಿಂಗಪುರವಾಗಲಿ, ಮಯಾಮಿಯಾಗಲಿ, ಆ ಚೀಲ ಎಕ್ಸ್-ರೇ ಯಂತ್ರದ ಪಟ್ಟಿಯ ಮೇಲೆ ಹೋಗಲೇಬೇಕು. ಪರದೆಯ ಮೇಲೆ ಏನಾದರೂ ಸಂಶಯ ಕಂಡರೆ ಚೀಲವನ್ನು ಪಕ್ಕಕ್ಕೆ ಎಳೆದು, ತೆರೆಯಿರಿ ಎನ್ನುತ್ತಾರೆ. ದುಡ್ಡು ಕೊಟ್ಟು ರಜೆ ಕಳೆಯಲು ಬಂದವರಿಗೆ ಅಲ್ಲಿ ಮುಖ ಸಪ್ಪಗಾಗುವುದು ಸಹಜ. ನಾಲ್ಕು ಜನರ ಮುಂದೆ ನಮ್ಮ ಬಟ್ಟೆಬರೆಗೆ ಪರರ ಕೈ ಬಿದ್ದರೆ ನಮ್ಮನ್ನು ಕಳ್ಳರಂತೆ ಕಂಡರಲ್ಲಾ ಎನ್ನಿಸುತ್ತದೆ. ಆ ಬೇಸರವನ್ನು ಗೌರವಿಸುತ್ತಲೇ ಹೇಳುತ್ತೇನೆ: ಈ ತಪಾಸಣೆ ಬೇಕೇ ಬೇಕು. ಆದರೆ ಅದಕ್ಕಿರುವ ನೈತಿಕ ಬಲವೆಲ್ಲ ಅದರ ಉದ್ದೇಶ ಎಷ್ಟು ಕಿರಿದಾಗಿದೆ ಎಂಬುದರಲ್ಲಿದೆ. ಜೀವ ಕಾಯುವ ಕೆಲಸದ ಮೇಲೆ ವ್ಯಾಪಾರದ ಹೊರೆಯನ್ನೂ ಹೊರಿಸಿದಷ್ಟೂ ಆ ಬಲ ಕುಗ್ಗುತ್ತದೆ.

ಈ ಪದ್ಧತಿ ಹುಟ್ಟಿದ್ದರ ಹಿಂದೆ ಒಂದು ದುರಂತವಿದೆ. 1985ರ ಅಕ್ಟೋಬರ್ 7ರಂದು ಇಟಲಿಯ ಅಕಿಲೆ ಲೌರೊ ಎಂಬ ವಿಹಾರ ಹಡಗನ್ನು ಈಜಿಪ್ಟ್ ಕರಾವಳಿಯಾಚೆ ನಾಲ್ವರು ಶಸ್ತ್ರಧಾರಿಗಳು ವಶಪಡಿಸಿಕೊಂಡರು. ಅವರು ದೋಣಿಯಲ್ಲಿ ಬೆನ್ನಟ್ಟಿ ಬಂದವರಲ್ಲ, ರಾತ್ರಿ ಹಗ್ಗ ಹಿಡಿದು ಹತ್ತಿದವರಲ್ಲ. ಜಿನೋವಾ ಬಂದರಿನಲ್ಲಿ ಎಲ್ಲರಂತೆ ಪ್ರಯಾಣಿಕರಾಗಿ ಹಡಗೇರಿದ್ದವರು. ಬಂದೂಕುಗಳು ಅವರ ಸಾಮಾನಿನಲ್ಲೇ ಒಳಗೆ ಬಂದಿದ್ದವು. ಹೆಚ್ಚಿನ ಪ್ರವಾಸಿಗರು ಪಿರಮಿಡ್ ನೋಡಲು ಅಲೆಕ್ಸಾಂಡ್ರಿಯಾದಲ್ಲಿ ಇಳಿದಿದ್ದರಿಂದ ಅನಾಹುತ ಇನ್ನಷ್ಟು ಹಿರಿದಾಗಲಿಲ್ಲ. ಆದರೂ ಗಾಲಿಕುರ್ಚಿಯಲ್ಲಿದ್ದ 69 ವರ್ಷದ ಅಮೆರಿಕನ್ ಪ್ರಯಾಣಿಕ ಲಿಯಾನ್ ಕ್ಲಿಂಗ್‌ಹಾಫರ್ ಅವರನ್ನು ಗುಂಡಿಕ್ಕಿ ಕೊಂದು ಸಮುದ್ರಕ್ಕೆ ಎಸೆದರು. ಮೂರು ವರ್ಷಗಳಾಗುವಷ್ಟರಲ್ಲಿ, 1988ರ ಜುಲೈಯಲ್ಲಿ, ಗ್ರೀಸಿನ ಸಿಟಿ ಆಫ್ ಪೊರೊಸ್ ಎಂಬ ಪ್ರವಾಸಿ ಹಡಗಿನಲ್ಲಿ ಪ್ರಯಾಣಿಕನ ವೇಷದಲ್ಲಿದ್ದವನ ಗುಂಡು, ಗ್ರೆನೇಡುಗಳಿಗೆ ಹಲವರು ಬಲಿಯಾದರು. ಎರಡು ಘಟನೆಗಳೂ ಕಲಿಸಿದ ಪಾಠ ಒಂದೇ: ಹಡಗಿಗೆ ಅಪಾಯ ಅಲೆಗಳ ಕಡೆಯಿಂದಷ್ಟೇ ಬರುವುದಿಲ್ಲ, ಟಿಕೆಟ್ ತೋರಿಸಿ ಹತ್ತುವ ಏಣಿಯಿಂದಲೂ ಬರುತ್ತದೆ.

ಅಕಿಲೆ ಲೌರೊ ಘಟನೆಯ ಮರುವರ್ಷವೇ ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಪ್ರಯಾಣಿಕ ಹಡಗುಗಳ ಭದ್ರತೆಗೆ ಮಾರ್ಗಸೂಚಿ ಹೊರಡಿಸಿತು. ಅದು ಸಲಹೆಯ ಮಟ್ಟದಲ್ಲಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸಲಹೆ ಕಾನೂನಾಯಿತು. ಹಡಗು ಹಾಗೂ ಬಂದರುಗಳ ಭದ್ರತಾ ಸಂಹಿತೆಗೆ 2002ರ ಡಿಸೆಂಬರಿನಲ್ಲಿ ದೇಶಗಳು ಒಪ್ಪಿದವು. 2004ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ದೇಶದಿಂದ ದೇಶಕ್ಕೆ ಓಡಾಡುವ ಪ್ರತಿ ಪ್ರಯಾಣಿಕ ಹಡಗಿನಲ್ಲಿ ಒಬ್ಬ ಭದ್ರತಾ ಅಧಿಕಾರಿ ಇರಬೇಕು, ಬಂದರಿನಲ್ಲೂ ಇರಬೇಕು, ಇಬ್ಬರ ಕೈಯಲ್ಲೂ ಅನುಮೋದನೆ ಪಡೆದ ಯೋಜನೆ ಇರಬೇಕು. ಭದ್ರತೆಗೆ ಮೂರು ಹಂತಗಳಿವೆ. ಬೆದರಿಕೆ ಹೆಚ್ಚಿದಂತೆ ತಪಾಸಣೆ ಬಿಗಿಯಾಗುತ್ತದೆ. ಈ ಕಟ್ಟಳೆ ಹತ್ತುವ ಮೊದಲ ದಿನಕ್ಕೆ ಮುಗಿಯುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕ್ರೂಸ್ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿಕೊಂಡು ಸಂಜೆ ಮರಳಿದಾಗ, ಅಲ್ಲಿ ಕೊಂಡ ಗೋಡಂಬಿ ಪೊಟ್ಟಣ, ಸೀರೆ, ಗೊಂಬೆಗಳೆಲ್ಲ ಹಡಗಿನೊಳಗೆ ಹೋಗುವ ಮೊದಲು ಮತ್ತೆ ಯಂತ್ರದ ಹೊಟ್ಟೆ ಹೊಕ್ಕು ಬರಬೇಕು. ಬೆಳಿಗ್ಗೆ ಇಳಿದ ಮನುಷ್ಯ ಅವನೇ ಆದರೂ ಚೀಲದೊಳಗಿನ ವಸ್ತು ಅದೇ ಆಗಿರಬೇಕೆಂದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ವಿಹಾರದ ಹಡಗಿಗೇಕೆ ಎನ್ನುವವರು ಅದರ ಗಾತ್ರವನ್ನೊಮ್ಮೆ ನೆನೆಯಬೇಕು. 2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗು ಗರಿಷ್ಠ 7,600 ಪ್ರಯಾಣಿಕರನ್ನು ಹೊರಬಲ್ಲದು. ಸಿಬ್ಬಂದಿ 2,350 ಮಂದಿ. ಹತ್ತಿರ ಹತ್ತು ಸಾವಿರ ಜನ, ಅಂದರೆ ನಮ್ಮಲ್ಲಿನ ಒಂದು ಪುಟ್ಟ ಪಟ್ಟಣ, ಒಂದೇ ಉಕ್ಕಿನ ಒಡಲಲ್ಲಿ ನೀರಿನ ಮೇಲೆ ತೇಲುತ್ತದೆ. ಆ ಪಟ್ಟಣಕ್ಕೆ ಪಕ್ಕದ ಊರಿಲ್ಲ. ಬೆಂಕಿ ಬಿದ್ದರೆ ನೆರೆಯೂರಿನಿಂದ ಅಗ್ನಿಶಾಮಕ ವಾಹನ ಬರುವುದಿಲ್ಲ. ಹಡಗಿನ ನೌಕರರೇ ಪೈಪು ಹಿಡಿಯಬೇಕು. ಮನೆಗೆ ಬೆಂಕಿ ಹತ್ತಿದರೆ ಬೀದಿಗೆ ಓಡಬಹುದು, ಹಡಗಿನಲ್ಲಿ ಬೀದಿಯೇ ಇಲ್ಲ. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದತ್ತ ಸಾಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಕಾಣಿಸಿಕೊಂಡ ಕಿಡಿ ನೋಡನೋಡುತ್ತಿದ್ದಂತೆ ಸಾಲು ಸಾಲು ಕ್ಯಾಬಿನ್ನುಗಳಿಗೆ ಹಬ್ಬಿತು. ಒಬ್ಬ ಪ್ರಯಾಣಿಕ ಪ್ರಾಣ ಬಿಟ್ಟರು, ಹಲವರು ಹೊಗೆಯಿಂದ ಅಸ್ವಸ್ಥರಾದರು. ಯಾರೋ ಎಸೆದ ಸಿಗರೇಟಿನ ತುಂಡೇ ಮೂಲವಿರಬೇಕೆಂದು ತನಿಖೆ ಹೇಳಿತು. ಅಲ್ಲಿ ಬಾಂಬೂ ಇರಲಿಲ್ಲ, ಕೆಟ್ಟ ಉದ್ದೇಶವೂ ಇರಲಿಲ್ಲ. ಅಷ್ಟು ಚಿಕ್ಕ ಅಜಾಗರೂಕತೆ ಸಾಕಾಯಿತು.

ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಬಂದೂಕು, ಪಟಾಕಿ, ಉದ್ದನೆಯ ಚಾಕುಗಳ ಜೊತೆ ಇಸ್ತ್ರಿ ಪೆಟ್ಟಿಗೆ, ಮೇಣದಬತ್ತಿ, ಊದುಬತ್ತಿ, ನೀರು ಕಾಯಿಸುವ ಕಾಯಿಲ್ ಏಕಿವೆ ಎಂಬುದಕ್ಕೆ ಉತ್ತರ ಇಲ್ಲಿದೆ. ನಮ್ಮವರಿಗೆ ಪ್ರಯಾಣದಲ್ಲೂ ಬೆಳಗಿನ ಕಾಫಿ ತಪ್ಪಬಾರದು, ದೇವರಿಗೆ ಒಂದು ಊದುಬತ್ತಿ ಹಚ್ಚಬೇಕು. ಆ ವಸ್ತುಗಳನ್ನು ತೆಗೆದಿಟ್ಟಾಗ ಭಕ್ತಿಗೋ ಅಭ್ಯಾಸಕ್ಕೋ ಅಡ್ಡ ಬಂದರೆಂದು ನೋವಾಗುತ್ತದೆ. ಆದರೆ ಪಟ್ಟಿ ನೋಡುವುದು ಬಳಸುವವರ ಮನಸ್ಸನ್ನಲ್ಲ, ಮರೆತು ಹೋದ ಕಾಯಿಲ್ ಮಾಡಬಹುದಾದ ಅನಾಹುತವನ್ನು. ಎಲ್ಲಕ್ಕಿಂತ ಹೆಚ್ಚು ಅಚ್ಚರಿ ಹುಟ್ಟಿಸುವುದು ಸ್ಪೈಕ್ ಬಸ್ಟರ್. ಮನೆಯಲ್ಲಿ ರಕ್ಷಣೆಗೆಂದೇ ಕೊಳ್ಳುವ ಅದು ಹಡಗಿನಲ್ಲಿ ಅಪಾಯವಾಗುತ್ತದೆ. ಮನೆಯ ಪ್ಲಗ್ಗಿಗೆ ಬರುವ ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಅನೇಕ ಹಡಗುಗಳಲ್ಲಿ ಎರಡೂ ತಂತಿಗಳಲ್ಲಿ ವಿದ್ಯುತ್ ಜೀವಂತವಾಗಿರುತ್ತದೆ. ನೆಲದ ಮನೆಗೆಂದು ತಯಾರಾದ ಸಾಧನ ಒಂದೇ ತಂತಿಯನ್ನು ಕಡಿದರೆ, ಆರಿಸಿದ್ದೇವೆ ಎಂದುಕೊಂಡ ಮೇಲೂ ಇನ್ನೊಂದು ತಂತಿಯಿಂದ ಒಳಗೆ ವಿದ್ಯುತ್ ಹರಿದು ಅದು ಕಾದು ಹೊತ್ತಿಕೊಳ್ಳಬಹುದು. ಈ ಬಗ್ಗೆ ಅಮೆರಿಕದ ಕರಾವಳಿ ಪಡೆ 2013ರಲ್ಲೇ ಎಚ್ಚರಿಕೆ ಕೊಟ್ಟಿದೆ.

ತಪಾಸಣೆ ಇದ್ದರೂ ಎಲ್ಲವೂ ಸಿಕ್ಕಿಬೀಳುತ್ತದೆಯೇ, ಸಂಚು ಹೂಡುವವರು ಬೇರೆ ದಾರಿ ಹುಡುಕುವುದಿಲ್ಲವೇ ಎಂಬ ಆಕ್ಷೇಪ ಬಲವಾದದ್ದು. 2004ರ ಫೆಬ್ರವರಿ 27ರಂದು ಮನಿಲಾದಿಂದ ಹೊರಟ ಸೂಪರ್‌ಫೆರಿ 14 ಹಡಗಿಗೆ ಟೆಲಿವಿಷನ್ ಪೆಟ್ಟಿಗೆಯೊಳಗೆ ಅಡಗಿಸಿ ಸ್ಫೋಟಕ ತಂದಿದ್ದರು. 116 ಜನ ಸತ್ತರು. ಸಮುದ್ರದ ಮೇಲೆ ನಡೆದ ಭಯೋತ್ಪಾದಕ ಕೃತ್ಯಗಳಲ್ಲಿ ಅಷ್ಟು ಜೀವ ತೆಗೆದದ್ದು ಇನ್ನೊಂದಿಲ್ಲ. ದೇಶದೊಳಗಿನ ಬಂದರುಗಳ ನಡುವೆ ಓಡುವ ಇಂಥ ಹಡಗುಗಳಿಗೆ ಅಂತರರಾಷ್ಟ್ರೀಯ ಸಂಹಿತೆ ನೇರವಾಗಿ ಅನ್ವಯಿಸುವುದೂ ಇಲ್ಲ. ಆದರೆ ಈ ಘಟನೆಯಿಂದ ತಪಾಸಣೆ ವ್ಯರ್ಥವೆಂಬ ತೀರ್ಮಾನಕ್ಕೆ ಬರಲಾಗದು. ದಿನಬಳಕೆಯ ವಸ್ತುವಿನೊಳಗೆ ಸಾವು ಅಡಗಿ ಬರಬಹುದೆಂದು ತಿಳಿದ ಮೇಲೆ, ವಸ್ತುವಿನ ಹೊರಮೈ ನೋಡಿ ಬಿಟ್ಟುಬಿಡುವ ಕಾವಲು ಸಾಲದು, ಒಳಗೆ ನೋಡುವ ಕಣ್ಣು ಬೇಕು ಎನ್ನುವುದೇ ಸರಿಯಾದ ತೀರ್ಮಾನ. ಬಾಗಿಲಿಗೆ ಬೀಗ ಹಾಕಿದರೂ ಕಳ್ಳತನಗಳು ನಡೆಯುತ್ತವೆ. ಹಾಗೆಂದು ಯಾರೂ ಬಾಗಿಲು ತೆರೆದಿಟ್ಟು ಊರಿಗೆ ಹೋಗುವುದಿಲ್ಲ.

ಎರಡನೆಯ ಆಕ್ಷೇಪ ಖಾಸಗಿತನದ್ದು. ಇದನ್ನು ಒಂದು ನ್ಯಾಯಾಲಯ ಗಂಭೀರವಾಗಿ ತೂಗಿ ನೋಡಿದೆ. ಅಮೆರಿಕದ ವರ್ಮಾಂಟ್ ಮತ್ತು ನ್ಯೂಯಾರ್ಕ್ ರಾಜ್ಯಗಳ ನಡುವಿನ ಷಾಂಪ್ಲೇನ್ ಸರೋವರದಲ್ಲಿ ಫೆರಿಯಲ್ಲಿ ಓಡಾಡುವ ಇಬ್ಬರು, ತಮ್ಮ ಚೀಲ, ವಾಹನಗಳ ತಪಾಸಣೆ ಸಂವಿಧಾನಕ್ಕೆ ವಿರುದ್ಧವೆಂದು ದಾವೆ ಹೂಡಿದ್ದರು. 2006ರ ಮೇಲ್ಮನವಿ ತೀರ್ಪನ್ನು ಬರೆದವರು ಮುಂದೆ ಸುಪ್ರೀಂ ಕೋರ್ಟಿಗೆ ನೇಮಕಗೊಂಡ ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್. ಫೆರಿ ಹತ್ತಿದ ಮಾತ್ರಕ್ಕೆ ತನ್ನ ಕೈಚೀಲದ ಮೇಲೆ ಮನುಷ್ಯನಿಗಿರುವ ಖಾಸಗಿತನದ ಹಕ್ಕು ಸವೆಯುವುದಿಲ್ಲ ಎಂದು ತೀರ್ಪು ಸ್ಪಷ್ಟವಾಗಿ ಒಪ್ಪಿಕೊಂಡಿತು. ಆ ಮೇಲೂ ತಪಾಸಣೆಯನ್ನು ಎತ್ತಿಹಿಡಿಯಿತು: ಜನರ ಜೀವ ಕಾಯುವ ಅಗತ್ಯ ದೊಡ್ಡದು, ತಪಾಸಣೆಯಿಂದಾಗುವ ತೊಂದರೆ ಚಿಕ್ಕದು. ಈ ತರ್ಕದ ಸೂಕ್ಷ್ಮವನ್ನು ನಾವು ಕೈಬಿಡಬಾರದು. ಹಕ್ಕು ಹಾಗೇ ಇದೆ. ಒಂದು ದೊಡ್ಡ ಉದ್ದೇಶಕ್ಕಾಗಿ, ಸ್ವಲ್ಪ ಹೊತ್ತಿಗೆ, ಮಿತಿಯಲ್ಲಿ ಅದನ್ನು ನಾವು ಬದಿಗಿಡುತ್ತೇವೆ. ಉದ್ದೇಶ ಹಿಗ್ಗಿದರೆ ಸಮರ್ಥನೆ ಕುಗ್ಗುತ್ತದೆ.

ಮದ್ಯದ ಪ್ರಶ್ನೆ ಬರುವುದು ಇಲ್ಲಿ. ಹಡಗು ಕಂಪನಿಗಳಿಗೆ ಬಾರು ದೊಡ್ಡ ಆದಾಯದ ಮೂಲ. ಪ್ರಯಾಣಿಕರು ಹೊರಗಿನಿಂದ ಮದ್ಯ ತರುವುದಕ್ಕೆ ಕಡಿವಾಣವಿದೆ. ಅಮೆರಿಕದ ಕಾರ್ನಿವಲ್‌ನಂಥ ಕಂಪನಿಗಳು ವಯಸ್ಕರೊಬ್ಬರಿಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿಗಷ್ಟೇ ಅವಕಾಶ ಕೊಡುತ್ತವೆ, ಅದನ್ನೂ ಕೈಚೀಲದಲ್ಲೇ ತರಬೇಕು. 2015ರಲ್ಲಿ ಅದೇ ಕಾರ್ನಿವಲ್ ಬಾಟಲಿ ನೀರು, ಬಾಟಲಿ ತಂಪುಪಾನೀಯಗಳನ್ನೂ ಒಳಗೆ ಬಿಡುವುದನ್ನು ನಿಲ್ಲಿಸಿತು. ಬಾಟಲಿಗಳಲ್ಲಿ ಮದ್ಯ ಬಚ್ಚಿಟ್ಟು ತರುತ್ತಾರೆ, ಅವನ್ನು ಪರೀಕ್ಷಿಸುವುದರಲ್ಲಿ ಸಮಯ ಹೋಗುತ್ತದೆ ಎಂಬುದು ಕೊಟ್ಟ ಕಾರಣ. ಈ ಕಾರಣವೇ ನನ್ನ ವಾದಕ್ಕೆ ಸಾಕ್ಷಿ. ಸ್ಫೋಟಕಕ್ಕಾಗಿ ನೋಡಬೇಕಾದ ಕಣ್ಣು ರಮ್ಮಿನ ವಾಸನೆಯ ನೀರಿನ ಬಾಟಲಿಯ ಬೆನ್ನು ಹತ್ತಿತ್ತು ಎಂದಲ್ಲವೇ ಅದರ ಅರ್ಥ? ಕುಡಿತ ಹೆಚ್ಚಾದರೆ ಜಗಳ, ಹಲ್ಲೆ, ಕಟಕಟೆಯಿಂದ ಸಮುದ್ರಕ್ಕೆ ಬೀಳುವ ಅಪಾಯವೂ ಹೆಚ್ಚುತ್ತದೆ, ಹೀಗಾಗಿ ಇದೂ ಸುರಕ್ಷತೆಯ ನಿಯಮವೇ ಎಂದು ಕಂಪನಿಗಳ ಪರ ವಾದಿಸಬಹುದು. ಅದರಲ್ಲಿ ಸತ್ಯಾಂಶವಿದೆ: ಬಾರಿನಲ್ಲಿ ಸುರಿಯುವವನಿಗೆ ಎದುರಿನವರ ಸ್ಥಿತಿ ಕಾಣುತ್ತದೆ, ಕ್ಯಾಬಿನ್ನಿನ ಮುಚ್ಚಿದ ಬಾಗಿಲ ಹಿಂದೆ ಕಾಣುವುದಿಲ್ಲ. ಆದರೆ ಒಂದು ಮೊತ್ತ ಕಟ್ಟಿದರೆ ದಿನವಿಡೀ ಕುಡಿಯಬಹುದಾದ ಪ್ಯಾಕೇಜುಗಳನ್ನು ಮಾರುವವರು ಇದೇ ವಾದವನ್ನು ಪೂರ್ತಿಯಾಗಿ ಎತ್ತಲಾರರು. ತನ್ನ ಹಡಗಿನಲ್ಲಿ ಹೊರಗಿನ ಮದ್ಯ ಬೇಡವೆನ್ನುವ ಹಕ್ಕು ಕಂಪನಿಗಿದೆ, ಚಿತ್ರಮಂದಿರದವರು ಹೊರಗಿನ ತಿಂಡಿ ಬೇಡವೆನ್ನುವಂತೆ. ಅದು ವ್ಯಾಪಾರದ ಕರಾರು. ಕರಾರಿಗೆ ಭದ್ರತೆಯ ಸಮವಸ್ತ್ರ ತೊಡಿಸುವುದು ಮಾತ್ರ ಸರಿಯಲ್ಲ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಟಿಕೆಟ್ಟಿನ ಜೊತೆ ಕೊಡುವ ಒಂದೇ ಉದ್ದನೆಯ ಪಟ್ಟಿಯನ್ನು ಮೂರಾಗಿ ಒಡೆದು, ಯಾವುದು ಜೀವಾಪಾಯಕ್ಕಾಗಿ, ಯಾವುದು ಬೆಂಕಿಯ ಭಯಕ್ಕಾಗಿ, ಯಾವುದು ಕಂಪನಿಯ ವ್ಯಾಪಾರಕ್ಕಾಗಿ ಎಂದು ಕಾರಣ ಸಹಿತ ತಿಳಿಸಬೇಕು. ಕೈಚೀಲವನ್ನು ಅದರ ಒಡೆಯರ ಕಣ್ಣೆದುರೇ ತೆರೆಯಬೇಕು. ಇಟ್ಟುಕೊಂಡ ವಸ್ತುವಿಗೆ ಚೀಟಿ ಕೊಟ್ಟು, ಯಾತ್ರೆ ಮುಗಿದ ದಿನ ಮರಳಿಸುವ ಕ್ರಮ ಎಲ್ಲ ಹಡಗುಗಳಲ್ಲೂ ಇರಬೇಕು. ಪ್ರಯಾಣಿಕರ ಪಾಲಿನ ಹೊಣೆಯೂ ಇದೆ. ಕಾಯಿಲ್, ಇಸ್ತ್ರಿ ಪೆಟ್ಟಿಗೆಗಳನ್ನು ಮನೆಯಲ್ಲೇ ಬಿಟ್ಟು, ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಗೆ ಸಿಗುವಂತಿಟ್ಟು ಹೊರಟರೆ ಸಾಲು ಬೇಗ ಸಾಗುತ್ತದೆ. ಹಡಗು ಒಂದು ದೇಶದ ಕಾನೂನಿನಿಂದ ಇನ್ನೊಂದರ ಕಾನೂನಿಗೆ ದಾಟುತ್ತ ಹೋಗುತ್ತದೆ ಎಂಬುದೂ ನೆನಪಿರಲಿ. ಕೆಲವು ದೇಶಗಳಲ್ಲಿ ಅಂಗಡಿಯಲ್ಲೇ ಸಿಗುವ ಇ-ಸಿಗರೇಟು ಭಾರತದಲ್ಲೂ ಸಿಂಗಪುರದಲ್ಲೂ ನಿಷಿದ್ಧ.

ವಿಮಾನದ ಪ್ರಯಾಣ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಹಡಗಿನಲ್ಲಿ ಅಪರಿಚಿತರ ಗೋಡೆಗೆ ಗೋಡೆ ತಾಗಿಸಿ ನಾಲ್ಕಾರು ರಾತ್ರಿ ನಿದ್ರಿಸಬೇಕು. ಪಕ್ಕದ ಕ್ಯಾಬಿನ್ನಿನ ಚೀಲದಲ್ಲಿ ಏನಿದೆಯೆಂದು ನಮಗೆ ತಿಳಿಯದು, ನಮ್ಮ ಚೀಲದಲ್ಲೇನಿದೆಯೆಂದು ಅವರಿಗೂ ತಿಳಿಯದು. ಆ ಪರಸ್ಪರ ಅರಿವಿಲ್ಲದ ಜನರ ನಡುವೆ ನಿದ್ದೆ ಬರುವಷ್ಟು ನಂಬಿಕೆ ಹುಟ್ಟಿಸುವುದು, ಎಲ್ಲರ ಚೀಲವನ್ನೂ ಒಂದೇ ಕಣ್ಣಿನಿಂದ ನೋಡಿದ ಆ ಎಕ್ಸ್-ರೇ ಪರದೆ. ಯಾರ ಮೇಲೂ ವಿಶೇಷ ಅನುಮಾನ ಇಟ್ಟುಕೊಳ್ಳದಿರಲೆಂದೇ ಎಲ್ಲರನ್ನೂ ತಪಾಸಿಸುವುದು. ಆ ಪರದೆಯ ಮುಂದೆ ಕುಳಿತವರ ಗಮನವನ್ನು ಜೀವ ಉಳಿಸುವ ಕೆಲಸಕ್ಕೇ ಮೀಸಲಿಡುವ ಮಾತನ್ನು ಹಡಗಿನವರು ಕೊಟ್ಟರೆ, ಚೀಲ ತೆರೆಯುವ ಕೈಗೂ ತೆರೆಸುವ ಕೈಗೂ ಸಂಕೋಚಕ್ಕೆ ಕಾರಣ ಇರುವುದಿಲ್ಲ.