ಕರುವಿಗೆ ಸಲ್ಲತಕ್ಕ ಗಿಣ್ಣುಹಾಲು

ಹಸು ಈದ ಮನೆಯಲ್ಲಿ ಮೊದಲ ಕರೆತದ ಹಾಲಿಗೆ ಬೆಲ್ಲ, ಏಲಕ್ಕಿಗಳನ್ನು ಸೇರಿಸಿ ಗಿಣ್ಣು ಮಾಡಿ ನೆರೆಹೊರೆಯವರಿಗೆ ಹಂಚುವ ವಾಡಿಕೆಯು ನಮ್ಮ ರೈತರಲ್ಲಿ ಉಂಟು. ಮಾಸು ಬೀಳುವವರೆಗೆ ಕರುವಿಗೆ ಮೊಲೆ ಕೊಡಕೂಡದೆಂಬ ನಂಬಿಕೆಯೂ ಅನೇಕರಲ್ಲಿದೆ. ಇವೆರಡರ ನಡುವೆ ಕರುವು ಹೊತ್ತಿಗೆ ಸರಿಯಾಗಿ ಹಾಲು ದೊರೆಯದೆ, ಕೆಲವೇ ದಿನಗಳಲ್ಲಿ ಬಿಳಿಭೇದಿಯಿಂದ ಸಾಯುವುದು ವಿರಳವಲ್ಲ.

ಮಾನವಶಿಶುವು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ಪ್ರತಿಕಾಯಗಳೆಂಬ ರೋಗನಿರೋಧಕ ದ್ರವ್ಯಗಳನ್ನು ಪಡೆಯುತ್ತದೆ. ಹಸು, ಎಮ್ಮೆ, ಕುರಿ, ಮೇಕೆಗಳಲ್ಲಿ ಹಾಗಲ್ಲ. ಇವುಗಳ ಮಾಸು ಆ ದ್ರವ್ಯಗಳನ್ನು ಮರಿಯತ್ತ ಬಿಡದು. ತಾಯಿಯು ಈಯುವ ಮುಂಚಿನ ಕೆಲವು ವಾರಗಳಲ್ಲಿ ಅವನ್ನು ಕೆಚ್ಚಲಿನಲ್ಲಿ ಕೂಡಿಸಿಡುತ್ತದೆ.

ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ಥಿಯೋಬಾಲ್ಡ್ ಸ್ಮಿತ್ ಮತ್ತು ಲಿಟಲ್ ಎಂಬ ವಿಜ್ಞಾನಿಗಳು 1922ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಇದರ ಮಹತ್ವವು ಸ್ಪಷ್ಟವಾಯಿತು. ಗಿಣ್ಣುಹಾಲು ಕುಡಿದ ಕರುಗಳು ಬದುಕಿದುವು. ಅದಿಲ್ಲದವುಗಳಲ್ಲಿ ಬಹುಪಾಲು ಮಡಿದುವು. ಕರುಳಿನಲ್ಲಿ ಸಾಧಾರಣವಾಗಿ ವಾಸಿಸುವ ಕೋಲಿ ಎಂಬ ಬ್ಯಾಕ್ಟೀರಿಯವೇ ಆ ಕರುಗಳ ಅಂಗಾಂಗಗಳಿಗೆ ಹಬ್ಬಿದ್ದಿತು.

ಪ್ರತಿಕಾಯವು ಬ್ಯಾಕ್ಟೀರಿಯಗಳಿಗೆ ಅಂಟಿಕೊಂಡು, ಅವು ಕರುಳಿನ ಭಿತ್ತಿಯನ್ನು ಹಿಡಿಯದಂತೆ ತಡೆಯುತ್ತದೆ. ರಕ್ತದಲ್ಲಿ ಅವನ್ನು ಬಿಳಿಯ ಕಣಗಳಿಗೆ ಸುಲಭವಾದ ತುತ್ತಾಗಿಸುತ್ತದೆ. ಆದರೆ ಅದು ರಕ್ತವನ್ನು ಸೇರಬೇಕಾದರೆ ಜೀರ್ಣವಾಗದೆ ಇಡಿಯಾಗಿ ಕರುಳನ್ನು ದಾಟಬೇಕು. ಎಳೆಗರುವಿನ ಕರುಳು ಇದಕ್ಕೆ ಎಡೆಗೊಡುವುದು ಅಲ್ಪಕಾಲ ಮಾತ್ರ. ಈದ 6 ಗಂಟೆಗಳ ತರುವಾಯ ಆ ಶಕ್ತಿಯು ಬಹಳವಾಗಿ ಕುಗ್ಗಿ, ಸುಮಾರು 24 ಗಂಟೆಗಳಲ್ಲಿ ದಾರಿಯು ಮುಚ್ಚುತ್ತದೆ. ಆ ಮೇಲೆ ಎಷ್ಟು ಕುಡಿಸಿದರೂ ಪ್ರತಿಕಾಯವು ರಕ್ತಕ್ಕೆ ಸೇರದು. ಮಾಸು ಬೀಳಲೆಂದು ಕಾಯುವವರು ಕಳೆಯುವುದು ಈ ಗಂಟೆಗಳನ್ನೇ.

ಆದುದರಿಂದ ಕೆಚ್ಚಲನ್ನು ತೊಳೆದು, ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕರುವಿಗೆ ಕುಡಿಸತಕ್ಕದ್ದು. 20 ಕಿಲೋ ತೂಗುವ ಕರುವಿಗೆ ಮೊದಲ ಸಲ ಒಂದು ಲೀಟರ್, 12 ಗಂಟೆಗಳೊಳಗಾಗಿ ಒಟ್ಟು ಎರಡು ಲೀಟರ್ ಬೇಕು. ಚೀಪಲಾರದ ಕರುವಿಗೆ ಸೀಸೆಯಿಂದ ನಿಧಾನವಾಗಿ ಕೊಡಬಹುದು. ಗೊಟ್ಟದಿಂದ ಬಲಾತ್ಕಾರವಾಗಿ ಹೊಯ್ದರೆ ಹಾಲು ಶ್ವಾಸಕೋಶಕ್ಕೆ ಇಳಿದೀತು. ಕಾಯಿಸಲಂತೂ ಕೂಡದು. ಒಲೆಯ ಮೇಲೆ ಗಿಣ್ಣು ಗಟ್ಟಿಯಾಗುವಾಗ ಹೆಪ್ಪುಗಟ್ಟುವ ಸಸಾರಜನಕಗಳಲ್ಲಿ ಪ್ರತಿಕಾಯಗಳೂ ಸೇರಿವೆ. ಆರಿದ ಹಾಲಿನ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದರೆ ಸಾಕು.

ತಾಯಿ ಸತ್ತರೆ ಅದೇ ದಿನ ಈದ ಬೇರೊಂದು ಹಸುವಿನ ಗಿಣ್ಣುಹಾಲು ಆದೀತು. ಅದೇ ಕೊಟ್ಟಿಗೆಯ ಹಸುವಾದರೆ ಮೇಲು. ಅಲ್ಲಿಯ ರೋಗಾಣುಗಳ ಪರಿಚಯ ಅದಕ್ಕಿರುತ್ತದೆ. ತುಂಬುಗಬ್ಬದ ಹಸುವನ್ನು ಸಂತೆಯಿಂದ ಕೊಂಡು ತರುವವರು ಇದನ್ನು ಯೋಚಿಸುವುದೇ ಇಲ್ಲ.

ಮನೆಯವರು ಗಿಣ್ಣು ತಿನ್ನಬಾರದೆಂದು ನಾನು ಹೇಳುವುದಿಲ್ಲ. ಕರು ಕುಡಿದು ಮಿಕ್ಕುದನ್ನು ಧಾರಾಳವಾಗಿ ಬಳಸಬಹುದು. ಎರಡನೆಯ ದಿನದ ಹಾಲಿನಿಂದಲೂ, ಸ್ವಲ್ಪ ಮೆದುವಾದರೂ, ಗಿಣ್ಣು ಆಗುತ್ತದೆ.